ಬೆಟ್ಟದ ಲೆಕ್ಕ, ಹೊಳೆಯ ಲೆಕ್ಕ

ಪ್ರತಿ ವರ್ಷ ಏಪ್ರಿಲ್ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಜಲಸಂಪನ್ಮೂಲ ಇಲಾಖೆಯವರು ಟಾಹೊ ಸರೋವರದ ದಕ್ಷಿಣಕ್ಕಿರುವ ಫಿಲಿಪ್ಸ್ ಸ್ಟೇಷನ್‌ಗೆ ಹೋಗಿ, ಹಿಮದೊಳಕ್ಕೆ ಉದ್ದನೆಯ ಕೊಳವೆ ಇಳಿಸಿ, ಮೇಲೆತ್ತಿ ತೂಗುತ್ತಾರೆ. ಸುತ್ತಲೂ ಕ್ಯಾಮೆರಾಗಳು. ಅಲ್ಲಿನ ತೂಕಕ್ಕೆ ಬೆಟ್ಟಸಾಲಿನುದ್ದಕ್ಕೂ ನೆಟ್ಟ ಹಿಮ ಅಳೆಯುವ ಉಪಕರಣಗಳ ಮಾಹಿತಿ ಸೇರಿ ಸಂಜೆಯ ಸುದ್ದಿಗೆ ಒಂದು ಅಂಕಿ ಸಿದ್ಧವಾಗುತ್ತದೆ: ಸಿಯೆರಾ ನೆವಾಡಾದ ಹಿಮ ಸರಾಸರಿಯ ಶೇ ಇಷ್ಟು.

ಹಿಮವನ್ನು ಅಳೆದರೆ ಸಾಲದು, ತೂಗಬೇಕು. ಈಗಷ್ಟೇ ಬಿದ್ದ ಒಂದು ಅಡಿ ಹಿಮ ಕರಗಿದರೆ ಸುಮಾರು ಒಂದು ಅಂಗುಲ ನೀರು. ವಸಂತದ ಹೊತ್ತಿಗೆ ಅದುಮಿ ಗಟ್ಟಿಯಾದ ಅದೇ ಒಂದು ಅಡಿಯಲ್ಲಿ ನಾಲ್ಕೈದು ಅಂಗುಲ. ಈ ತೂಗುವ ಕೊಳವೆಯನ್ನು ಶತಮಾನದ ಹಿಂದೆ ರೂಪಿಸಿದವರು ನೆವಾಡಾ ವಿಶ್ವವಿದ್ಯಾಲಯದ ಜೇಮ್ಸ್ ಚರ್ಚ್. ಅವರು ಎಂಜಿನಿಯರ್ ಅಲ್ಲ, ಲ್ಯಾಟಿನ್ ಮೇಷ್ಟ್ರು! ಕ್ಯಾಲಿಫೋರ್ನಿಯಾದಲ್ಲಿ ಮಳೆ-ಹಿಮ ಬಹುಪಾಲು ಚಳಿಗಾಲದ್ದು, ಬೆಳೆಗೆ ನೀರು ಬೇಕಾಗುವುದು ಬೇಸಿಗೆಯಲ್ಲಿ. ನಡುವಿನ ತಿಂಗಳುಗಳಲ್ಲಿ ನೀರನ್ನು ಹಿಡಿದಿಡುವುದು ಬೆಟ್ಟವೇ. ರಾಜ್ಯದ ಅಗತ್ಯದ ಸುಮಾರು ಶೇ 30ರಷ್ಟು ನೀರು ಅಲ್ಲಿಂದ ಇಳಿಯಬೇಕು.

2015ರಲ್ಲಿ ಹಿಮದ ಅಂಕಿ ಸರಾಸರಿಯ ಶೇ 5ಕ್ಕೆ ಕುಸಿದಾಗ ಗವರ್ನರ್ ಜೆರ್ರಿ ಬ್ರೌನ್ ಫಿಲಿಪ್ಸ್ ಸ್ಟೇಷನ್‌ನ ಬಯಲಿನ ಒಣಹುಲ್ಲಿನ ಮೇಲೆ ನಿಂತು, ನಗರಗಳು ನೀರಿನ ಬಳಕೆಯನ್ನು ಶೇ 25ರಷ್ಟು ಇಳಿಸಬೇಕೆಂದು ಆದೇಶಿಸಿದರು. ಅದು ಕಣ್ಣಿಗೆ ಕಾಣುವ ಬರ. ದಾರಿ ತಪ್ಪಿಸಿದ್ದು 2021. ಆ ಏಪ್ರಿಲ್‌ನಲ್ಲಿ ಹಿಮ ಸರಾಸರಿಯ ಶೇ 60ರ ಆಸುಪಾಸಿನಲ್ಲಿತ್ತು. ಕಡಿಮೆಯೇ, ಆದರೆ ಕೈಬಿಡುವಷ್ಟಲ್ಲ. ಹಿಮ ಕರಗಿತು, ಹೊಳೆಗೆ ಮಾತ್ರ ನಿರೀಕ್ಷಿಸಿದ ನೀರು ಬರಲೇ ಇಲ್ಲ. ಹಿಂದಿನ ವರ್ಷದ ಒಣಗಿದ ನೆಲ ಮೊದಲು ತಾನು ಕುಡಿಯಿತು, ಬಿಸಿ ವಸಂತದ ಗಾಳಿ ಇನ್ನಷ್ಟನ್ನು ಹೀರಿತು. ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರದ ಕಾಲುವೆಗಳ ರೈತರಲ್ಲಿ ಅನೇಕರಿಗೆ ಘೋಷಿಸಿದ್ದ ಶೇ 5ರ ನೀರಿನ ಪಾಲು ಮೇ ಕೊನೆಗೆ ಸೊನ್ನೆಯಾಯಿತು. ಆಗಸ್ಟ್‌ನಲ್ಲಿ ಓರೊವಿಲ್ ಜಲಾಶಯ ಎಷ್ಟು ಇಳಿಯಿತೆಂದರೆ, 1960ರ ದಶಕದಲ್ಲಿ ಶುರುವಾದ ಅದರ ವಿದ್ಯುದಾಗಾರವನ್ನು ಮೊದಲ ಬಾರಿಗೆ ನೀರಿಲ್ಲದೆ ನಿಲ್ಲಿಸಬೇಕಾಯಿತು.

ತೂಕ ತಪ್ಪಿರಲಿಲ್ಲ. ಇಷ್ಟು ಹಿಮಕ್ಕೆ ಇಷ್ಟು ನೀರು ಎಂಬ ಹಳೆಯ ಸಂಬಂಧ ಕಡಿದುಹೋಗಿತ್ತು. ಆ ಸಂಬಂಧವನ್ನು ಕಟ್ಟಿದ್ದು ತಂಪಾದ ವಸಂತಗಳ ದಶಕಗಳ ದಾಖಲೆಯಿಂದ. ಆ ವಸಂತಗಳೇ ಈಗ ಅಪರೂಪ.

ಉಪಾಯವಿಲ್ಲವೆಂದಲ್ಲ. 2013ರಿಂದ ಟುವಾಲಮಿ ನದಿಯ ಕಣಿವೆಯ ಮೇಲೆ ಲೇಸರ್ ಹೊತ್ತ ವಿಮಾನ ಹಾರಿಸಿ ಇಡೀ ಜಲಾನಯನದ ಹಿಮವನ್ನು ಲೆಕ್ಕ ಹಾಕುತ್ತಾ ಬಂದಿದ್ದಾರೆ. ಇದೇ ಟುವಾಲಮಿಯ ನೀರು ಹೆಚ್ ಹೆಚಿ ಜಲಾಶಯದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಬರುತ್ತದೆ. ಕನ್ನಡಿಗರು ಸಾಕಷ್ಟಿರುವ ಸನಿವೇಲ್, ಫ್ರೀಮಾಂಟ್‌ಗಳ ನಲ್ಲಿಗಳಿಗೂ ಅದರ ಪಾಲಿದೆ. ಆದರೆ ವಿಮಾನಕ್ಕೂ ನೆಲದ ದಾಹ ಕಾಣುವುದಿಲ್ಲ. ಮಣ್ಣಿನ ತೇವ ಅಳೆಯುವ ಉಪಕರಣಗಳನ್ನು ಹಿಮದ ಉಪಕರಣಗಳಷ್ಟೇ ದಟ್ಟವಾಗಿ ನೆಡಬೇಕು, ಅದಕ್ಕೆ ಪ್ರತಿ ವರ್ಷ ಹಣ ಕೊಡಬೇಕು. ಬರ ಬಂದಾಗ ಮಂಜೂರಾಗಿ ಮಳೆ ಬಂದಾಗ ಮರೆತುಹೋಗುವ ಹಣದಿಂದ ಇದು ಆಗದು.

ರೈತನಿಗೆ ಫೆಬ್ರುವರಿಯಲ್ಲೇ ಒಂದು ಖಚಿತ ಅಂಕಿ ಬೇಕು, ಬ್ಯಾಂಕು ಸಾಲ ಕೊಡುವುದು ಅದನ್ನು ನೋಡಿಯೇ ಎಂಬ ಮಾತು ಬರುತ್ತದೆ. ನಿಜ. ಆದರೆ ಮೇನಲ್ಲಿ ಸೊನ್ನೆಯಾಗುವ ಅಂಕಿಯನ್ನು ನಂಬಿ ಕೊಟ್ಟ ಸಾಲ ಯಾರನ್ನು ಉಳಿಸಿತು? ಹೊಳೆಗೆ ಬರಬಹುದಾದ ನೀರು ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಎಂದು ಇಲಾಖೆ ಹೇಳಲಿ. ಫಿಲಿಪ್ಸ್ ಸ್ಟೇಷನ್‌ನಲ್ಲಿ ಕ್ಯಾಮೆರಾಗಳ ಮುಂದೆ ಆ ಎರಡು ಅಂಕಿಗಳನ್ನೇ ಮೊದಲು ಓದಲಿ, ಹಿಮದ ಶೇಕಡಾವಾರು ಆಮೇಲೆ ಬರಲಿ.