ಕೈಗೆ ಕೆಲಸವೋ, ಕೈಗೆ ಕಾಸೋ?



ಬಡವನ ಕಷ್ಟಕ್ಕೆ ಸರಕಾರ ನೆರವಾಗಬೇಕೇ ಎಂದು ಕೇಳಿದರೆ, ಆಗಲೇಬೇಕು ಎಂಬದೇ ನಮ್ಮ ಉತ್ತರ. ಆದರೆ ಆ ನೆರವು ಯಾವ ರೂಪದಲ್ಲಿ ಬರಬೇಕು ಎಂಬ ವಿಷಯದಲ್ಲಿ ನಮ್ಮ ರಾಜಕಾರಣವು ಈಚಿನ ವರ್ಷಗಳಲ್ಲಿ ದಾರಿ ಬದಲಿಸಿದೆ. ಮಿರಜ, ತಾಸಗಾಂವ, ಜತ್ತ ಕಡೆಯ ಕಬ್ಬಿನ ಹೊಲಗಳಲ್ಲಿ, ದ್ರಾಕ್ಷಿ ತೋಟಗಳಲ್ಲಿ ದುಡಿಯುವ ನಮ್ಮ ಕುಟುಂಬಗಳು ಇದನ್ನು ಶಾಂತಚಿತ್ತದಿಂದ ಯೋಚಿಸಬೇಕು. ಯಾಕಂದರೆ ಹಳೆಯ ದಾರಿ ಹುಟ್ಟಿದ್ದೇ ನಮ್ಮ ಸಾಂಗ್ಲಿ ಜಿಲ್ಲೆಯಲ್ಲಿ.

ವಿ. ಸ. ಪಾಗೆಯವರು ಮಹಾರಾಷ್ಟ್ರ ವಿಧಾನಪರಿಷತ್ತಿನ ಸಭಾಪತಿಗಳಾಗಿದ್ದವರು. ಕೆಲಸ ಕೇಳಿ ಬಂದವನಿಗೆ ಕೆಲಸ ಒದಗಿಸುವದು ಸರಕಾರದ ಹೊಣೆ ಎಂಬ ವಿಚಾರವನ್ನು ಅವರು 1965ರಲ್ಲಿ ತಾಸಗಾಂವ ತಾಲೂಕಿನ ವಿಸಾಪುರದಲ್ಲಿ ಪ್ರಯೋಗ ಮಾಡಿ ನೋಡಿದರು. 1972ರ ಭೀಕರ ಬರಗಾಲದಲ್ಲಿ ಅದೇ ವಿಚಾರ ರಾಜ್ಯಕ್ಕೆಲ್ಲ ಆಸರೆಯಾಯಿತು. 1977ರಲ್ಲಿ ಅದು ಕಾಯದೆಯಾಗಿ, 1979ರ ಜನವರಿ 26ರಿಂದ ಜಾರಿಗೆ ಬಂತು. ಖರ್ಚಿಗಾಗಿ 1975ರಲ್ಲಿ ವೃತ್ತಿ ತೆರಿಗೆ ಹಾಕಿದರು. ಪಟ್ಟಣದ ಸಂಬಳದಾರನು ಹಳ್ಳಿಯ ಕೂಲಿಕಾರನ ಸಲುವಾಗಿ ಕೊಟ್ಟ ಹಣ ಅದು. ಮುಂದೆ 2005ರಲ್ಲಿ ಇಡೀ ದೇಶಕ್ಕೆ ಬಂದ ಉದ್ಯೋಗ ಖಾತರಿ ಕಾಯದೆಗೆ ಇದೇ ಮಾದರಿಯಾಯಿತು.

ಈ ಏರ್ಪಾಡಿನಲ್ಲಿ ಮೂರು ಒಳ್ಳೆಯ ಗುಣಗಳಿದ್ದವು. ಮೊದಲನೆಯದು, ಕೂಲಿ ತೆಗೆದುಕೊಂಡವನು ತಲೆ ಎತ್ತಿ ಮನೆಗೆ ಹೋಗುತ್ತಿದ್ದನು. ಎರಡನೆಯದು, ಬಿಸಿಲಲ್ಲಿ ಕಲ್ಲು ಒಡೆಯಲು ಉಳ್ಳವರು ಬರುವದಿಲ್ಲವಾದ್ದರಿಂದ ಬಡವ ಯಾರೆಂದು ಗುರುತಿಸಲು ಸಾಹೇಬರ ಚೀಟಿ ಬೇಕಾಗಿರಲಿಲ್ಲ. ಮೂರನೆಯದು, ಕೂಲಿ ಕರಗಿದ ಮೇಲೂ ಊರಿಗೆ ಕೆರೆ, ಒಡ್ಡು, ರಸ್ತೆ ಉಳಿಯುತ್ತಿದ್ದವು. ಹಾಜರಿ ಪಟ್ಟಿಯಲ್ಲಿ ಸುಳ್ಳು ಹೆಸರು ಬರೆದವರೂ ಇದ್ದರು, ಕೂಲಿ ತಿಂಗಳುಗಟ್ಟಲೆ ತಡವಾದದ್ದೂ ಉಂಟು. ಆದರೆ ಗೋಡೆ ಸೀಳಿದೆಯೆಂದು ಯಾರೂ ತಳಪಾಯ ಕೀಳುವದಿಲ್ಲ.

ಈಗಿನ ದಾರಿ ಬೇರೆ. ಕರ್ನಾಟಕದಲ್ಲಿ 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಯೋಜನೆ ಬಂದು ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಎಂದಾಯಿತು. ಮಹಾರಾಷ್ಟ್ರದಲ್ಲಿ 2024ರ ಜುಲೈಯಿಂದ ಲಾಡಕಿ ಬಹೀಣ ಯೋಜನೆಯಲ್ಲಿ 1,500 ರೂಪಾಯಿ. ಅದೇ ವರ್ಷ ನವೆಂಬರಿನಲ್ಲಿ ವಿಧಾನಸಭೆ ಚುನಾವಣೆ. ಗೆದ್ದರೆ 2,100 ಕೊಡುತ್ತೇವೆ ಎಂದು ಆಳುವ ಕೂಟ ಸಾರಿತು. ವಿರೋಧಿಗಳು 3,000 ಎಂದರು. ಗೆದ್ದ ಕೂಟದ 2025ರ ಮಾರ್ಚ್ ಬಜೆಟ್ಟಿನಲ್ಲಿ ಆ 2,100 ಕಾಣಲಿಲ್ಲ. ಚುನಾವಣೆಗೆ ಮುಂಚೆ ಸರಸರನೆ ಸೇರಿಸಿದ ಹೆಸರುಗಳನ್ನು ಆಮೇಲೆ ಶೋಧಿಸಿ ಲಕ್ಷಗಟ್ಟಲೆ ಜನರ ಹಣ ನಿಲ್ಲಿಸಿದರು.

ಈ ಹಣದಿಂದ ಎಷ್ಟೋ ತಾಯಂದಿರು ಮಗುವಿನ ಫೀ ಕಟ್ಟಿದ್ದಾರೆ, ಔಷಧ ತಂದಿದ್ದಾರೆ. ಅದನ್ನು ನಾವು ಹಗುರವಾಗಿ ಕಾಣುವದಿಲ್ಲ. ವಿಧವೆಯರಿಗೆ, ಮುದುಕರಿಗೆ, ಅಂಗವಿಕಲರಿಗೆ ನೇರವಾಗಿ ಹಣ ಕೊಡುವದೇ ನ್ಯಾಯ. ಆದರೆ ದುಡಿಯಬಲ್ಲವರ ಮನೆಗೂ ಚುನಾವಣೆಯ ತಿಥಿ ನೋಡಿ ಹಣ ಹಂಚುವದು ಬೇರೆ ಮಾತು. ಕಾಯದೆಯಿಂದ ಬಂದ ಹಕ್ಕನ್ನು ಕೇಳಿ ಪಡೆಯಬಹುದು. ಒಡೆಯನ ದಯೆಗೆ ಮಾತ್ರ ಕಾಯುತ್ತ ಕೂಡಬೇಕು.

ಸತ್ಯವೇದದಲ್ಲಿ ಯೋಸೇಫನ ಕಥೆ ನಮಗೆಲ್ಲ ಗೊತ್ತು. ಏಳು ವರುಷ ಧಾನ್ಯ ಕೂಡಿಟ್ಟು ಅವನು ಐಗುಪ್ತವನ್ನು ಬದುಕಿಸಿದನು. ಆದರೆ ಆದಿಕಾಂಡದ 47ನೆಯ ಅಧ್ಯಾಯವನ್ನು ಕೊನೆಯವರೆಗೆ ಓದಿರಿ. ಜನರು ಮೊದಲು ಹಣ ಕೊಟ್ಟರು, ಅನಂತರ ದನಕರು, ಕೊನೆಗೆ ಹೊಲಗಳನ್ನೂ ತಮ್ಮನ್ನೂ ಫರೋಹನಿಗೆ ಒಪ್ಪಿಸಿದರು. ಹೊಟ್ಟೆ ತುಂಬಿತು, ಸ್ವಾತಂತ್ರ್ಯ ಹೋಯಿತು. ಇದಕ್ಕೆ ಎದುರಾಗಿ ಮೋಶೆಯ ಧರ್ಮಶಾಸ್ತ್ರದ ಏರ್ಪಾಡನ್ನು ನೋಡಿರಿ. ಹೊಲದವನು ಅಂಚಿನ ಪೈರನ್ನು ಬಡವರಿಗೆ ಬಿಡಬೇಕು, ಬಡವರು ತಾವೇ ಬಂದು ಹಕ್ಕಲಾಯಬೇಕು. ರೂತಳು ಬೋವಜನ ಹೊಲದಲ್ಲಿ ಸಂಜೆಯ ತನಕ ಆಯ್ದ ಜವೆಗೋದಿಯನ್ನು ತಾನೇ ಬಡಿದು ಅತ್ತೆಗೆ ಒಯ್ದಳು. ಅಲ್ಲಿ ದಯೆಯೂ ಇತ್ತು, ದುಡಿಮೆಯೂ ಇತ್ತು.

ಇನ್ನು 2025ರ ಡಿಸೆಂಬರಿನಲ್ಲಿ ಸಂಸತ್ತು ಹಳೆಯ ಉದ್ಯೋಗ ಖಾತರಿಯ ಜಾಗದಲ್ಲಿ ಹೊಸ ಕಾಯದೆಯನ್ನು ಒಪ್ಪಿತು. 100 ದಿನಕ್ಕೆ ಬದಲು 125 ದಿನ ಎಂದು ಬರೆದಿದೆ. ಇದು ಸಂತೋಷದ ಸಂಗತಿ. ರಾಜ್ಯಗಳೂ ನೂರಕ್ಕೆ 40ರಂತೆ ಹೊರೆ ಹೊರಬೇಕೆಂಬದರಲ್ಲಿಯೂ ಅರ್ಥವಿದೆ. ತನ್ನ ಗಂಟು ಖರ್ಚಾದಾಗ ಎಚ್ಚರ ಹೆಚ್ಚು. ಆದರೆ ಯಾವ ರಾಜ್ಯಕ್ಕೆ ಎಷ್ಟು ಹಣ ಎಂಬದನ್ನು ದಿಲ್ಲಿಯೇ ಮೊದಲು ಗೊತ್ತು ಮಾಡುವದು. ಮಿತಿ ಮೀರಿದರೆ ರಾಜ್ಯವೇ ತೆರಬೇಕು. ಬೊಕ್ಕಸ ಬರಿದಾದ ರಾಜ್ಯ 125 ದಿನ ಎಲ್ಲಿಂದ ಕೊಟ್ಟೀತು? ಬಿತ್ತನೆ ಮತ್ತು ಸುಗ್ಗಿಯಲ್ಲಿ ಒಟ್ಟು 60 ದಿನಗಳ ತನಕ ಕೆಲಸ ನಿಲ್ಲಿಸುವ ಅವಕಾಶವೂ ಇದೆ. ರೈತನಿಗೆ ಆಳು ಸಿಗಬೇಕೆಂಬದು ಸರಿಯೇ. ಆದರೆ ಬೇರೆ ಕೆಲಸದ ಆಸರೆ ಇಲ್ಲದ ಆ ದಿನಗಳಲ್ಲಿ ತೋಟದ ಕೂಲಿ ಇಳಿಯದಂತೆ ಕಾಯುವವರು ಯಾರು? ಸರಕಾರ ಕಡಿಮೆ ಮಾತು ಕೊಡಲಿ, ಕೊಟ್ಟ ಮಾತನ್ನು ಪೂರ್ತಿ ನಡಿಸಲಿ. ಹಳೆಯ ಹಿರಿಯರ ರಾಜನೀತಿ ಇಷ್ಟೇ.

ನಮ್ಮ ಪಾಲಿನ ಕೆಲಸವೂ ಇದೆ. ಗ್ರಾಮಸಭೆಗೆ ಹೋಗಿರಿ. ನಮ್ಮೂರಿಗೆ ಕೆರೆಯ ಹೂಳು ತೆಗೆಯುವದು ಬೇಕೋ, ರಸ್ತೆ ಬೇಕೋ ಎಂದು ಅಲ್ಲಿಯೇ ಹೇಳಿರಿ. ಹಾಜರಿ ಪಟ್ಟಿಯನ್ನು ಓದಿಸಿ ಕೇಳಿರಿ. ಕಬ್ಬು ಕಡಿಯಲು ಹೋಗುವವರು ಮುಕಾದಮನ ಮುಂಗಡಕ್ಕೆ ಕೈ ಒಡ್ಡುವ ಮುಂಚೆ ಸಂಘದ ಉಳಿತಾಯದ ಪೆಟ್ಟಿಗೆಯನ್ನು ನೆನೆಯಿರಿ. ಖಾತೆಗೆ ಬರುವ 1,500ರಲ್ಲಿ ತಿಂಗಳಿಗೆ 100 ರೂಪಾಯಿ ಆ ಪೆಟ್ಟಿಗೆಗೆ ಬಿದ್ದರೆ ವರುಷಕ್ಕೆ 1,200 ಆಯಿತು. ಹತ್ತು ಮನೆ ಕೂಡಿದರೆ 12,000. ಒಂದು ಮನೆಯ ಆಪತ್ತಿಗೆ ಅದು ಸಾಲ ತಪ್ಪಿಸೀತು. 1894ರಲ್ಲಿ ಡಾಕ್ಟರ್ ವಾನ್ಲೆಸ್ ಅವರು ಮಿರಜದಲ್ಲಿ ಆಸ್ಪತ್ರೆ ತೆರೆದದ್ದು ಸರಕಾರದ ಯೋಜನೆಯಿಂದಲ್ಲ, ವಿಶ್ವಾಸಿಗಳ ಕಾಣಿಕೆಯಿಂದ.

ಮತ ಕೇಳಲು ಬಂದವರನ್ನು ಎಷ್ಟು ರೂಪಾಯಿ ಕೊಡುತ್ತೀರಿ ಎಂದು ಕೇಳಬೇಡಿರಿ. ನಮ್ಮ ಮಕ್ಕಳಿಗೆ ಯಾವ ಕೆಲಸ, ಎಷ್ಟು ದಿನ, ಕೂಲಿ ಯಾವ ವಾರ ಕೈಗೆ ಬರುವದು ಎಂದು ಕೇಳಿರಿ. ಡೇರೆ ಹೊಲಿದು ಉಂಡ ಪೌಲನ ಸಭೆಯವರು ನಾವು; ದುಡಿಮೆಗೆ ನಾಚುವವರಲ್ಲ. ಕರ್ತನು ನಿಮ್ಮ ಕೈಕೆಲಸವನ್ನು ಆಶೀರ್ವದಿಸಲಿ.