ಮೇವಿನ ತಾಕಿಗೂ ಬೇಕು ಅಕ್ಕಡಿ ಸಾಲು



ರಾಗಿ ಹೊಲದಲ್ಲಿ ಅವರೆ, ತೊಗರಿ, ಅಲಸಂದೆಯ ಅಕ್ಕಡಿ ಸಾಲು ಹಾಕುವವರು ಹೈನುಗಾರ ರೈತರಾದ ನಾವು. ಆದರೆ ಕೊಳವೆಬಾವಿ ನೀರು ಹಾಯಿಸಿ ಬೆಳೆಸುವ ಮೇವಿನ ತಾಕಿನಲ್ಲಿ ಬರೀ ನೇಪಿಯರ್, ಇಲ್ಲವೇ ಬರೀ ಮುಸುಕಿನ ಜೋಳ. ನಮಗೆ ಮುದ್ದೆ ಜೊತೆ ಸಾರು ಬೇಕು. ಹಸುವಿಗೆ ಬರೀ ಮುದ್ದೆ ಸಾಕೇ?

ಹಿಂಡಿಯ ಖರ್ಚು ಎಲ್ಲಿಂದ ಬಂತು?

ಒಣ ತೂಕದ ಲೆಕ್ಕದಲ್ಲಿ ರಾಗಿ ಹುಲ್ಲು, ಭತ್ತದ ಹುಲ್ಲಿನಲ್ಲಿ ಪ್ರೋಟೀನು ಶೇ. 3–4. ಹದಕ್ಕೆ ಕೊಯ್ದ ನೇಪಿಯರ್, ಮುಸುಕಿನ ಜೋಳದಲ್ಲಿ ಶೇ. 8–10ರ ಆಸುಪಾಸು. ಹೂ ಬಿಡುವ ಹೊತ್ತಿನ ಅಲಸಂದೆ, ಕುದುರೆ ಮೆಂತೆಯಂಥ ದ್ವಿದಳ ಮೇವಿನಲ್ಲಿ ಶೇ. 16–20. ಹುಲ್ಲಿನಲ್ಲಿ ಇಲ್ಲದ್ದನ್ನು ನಾವು ಹಿಂಡಿ ಮೂಟೆಯಿಂದ ತುಂಬುತ್ತೇವೆ. ಡೇರಿಯಿಂದ ಬಂದ ದುಡ್ಡು ಹಿಂಡಿ ಅಂಗಡಿಗೆ ಹೋಗುತ್ತದೆ. ದ್ವಿದಳ ಮೇವು ಹಾಕಿದರೆ ಹಿಂಡಿ ಪೂರ್ತಿ ತಪ್ಪುವುದಿಲ್ಲ. ಆದರೆ ಮೂಟೆ ಹೆಚ್ಚು ದಿನ ಬರುತ್ತದೆ.

ಬೇರನ್ನೇ ಕೇಳಿ

ದ್ವಿದಳಕ್ಕೆ ಈ ಪ್ರೋಟೀನು ಎಲ್ಲಿಂದ ಬರುತ್ತದೆ? ತಿಂಗಳು ದಾಟಿದ ಅಲಸಂದೆ ಗಿಡವನ್ನು ಗುದ್ದಲಿಯಿಂದ ಮಣ್ಣು ಸಮೇತ ಎತ್ತಿ, ಬೇರನ್ನು ನೀರಲ್ಲಿ ತೊಳೆಯಿರಿ. ಸಣ್ಣ ಸಣ್ಣ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪಿದ್ದರೆ ರೈಜೋಬಿಯಂ ಅಣುಜೀವಿ ಪ್ರೋಟೀನಿಗೆ ಬೇಕಾದ ಸಾರಜನಕವನ್ನು ಗಾಳಿಯಿಂದ ಹಿಡಿದು ಗಿಡಕ್ಕೆ ಉಣಿಸುತ್ತಿದೆ ಎಂದರ್ಥ. ಬೆಳ್ಳಗೋ ಹಸಿರಾಗೋ ಇದ್ದರೆ ಮುಂದಿನ ಸಲ ಬೀಜಕ್ಕೆ ರೈಜೋಬಿಯಂ ಲೇಪಿಸಿ ಬಿತ್ತಿ.

ಬಿತ್ತುವುದು ಹೀಗೆ

• ನೀರಾವರಿಯಲ್ಲಿ: ಆಫ್ರಿಕನ್ ಟಾಲ್ ಮುಸುಕಿನ ಜೋಳ ಮೂರು ಸಾಲು, ಮೇವಿನ ಅಲಸಂದೆ ಒಂದು ಸಾಲು. ಎರಡೂ ಸುಮಾರು 60 ದಿನಕ್ಕೆ ಒಟ್ಟಿಗೇ ಕೊಯ್ಲಿಗೆ ಬರುತ್ತವೆ.
• ನೇಪಿಯರ್ ತಾಕಿನಲ್ಲಿ: ಪ್ರತಿ ನಾಲ್ಕನೇ ಸಾಲಿಗೆ ಹೆಡ್ಜ್ ಲೂಸರ್ನ್ ಎಂಬ ದ್ವಿದಳ ಮೇವು. ಎರಡೂ ವರ್ಷಗಟ್ಟಲೆ ನಿಲ್ಲುವ ಬೆಳೆ.
• ಖುಷ್ಕಿ ಜಮೀನು, ಬದುಗಳಲ್ಲಿ: ಅಂಜನ್ ಹುಲ್ಲಿನ ಜೊತೆ ಸ್ಟೈಲೋ ಎಂಬ ದ್ವಿದಳ ಮೇವು. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. 80 ಡಿಗ್ರಿ ಬಿಸಿನೀರಿನಲ್ಲಿ 4 ನಿಮಿಷ ಅದ್ದಿ, ತಣ್ಣೀರಲ್ಲಿ ನೆನೆಸಿ ಬಿತ್ತಿ.

“ಮೇವಿನ ತೂಕ ಕಮ್ಮಿ ಆಗಲ್ವಾ?”

ಟನ್ ಲೆಕ್ಕದಲ್ಲಿ ನೇಪಿಯರ್ ಮುಂದೆ ದ್ವಿದಳ ಸೋಲುತ್ತದೆ, ನಿಜ. ಆದರೆ ಡೇರಿಯಲ್ಲಿ ಅಳೆಯುವುದು ಹಾಲನ್ನು, ಹುಲ್ಲನ್ನಲ್ಲ. ಬಲಿತ ನೇಪಿಯರ್ ದಂಟು ಗೋದಲಿಯಲ್ಲೇ ಉಳಿದು ತಿಪ್ಪೆಗೆ ಹೋಗುವುದನ್ನು ದಿನಾ ನೋಡುತ್ತೇವೆ. ಆ ತೂಕಕ್ಕೂ ನೀರು, ಗೊಬ್ಬರ, ಕೂಲಿ ಹಾಕಿದವರು ನಾವೇ.

“ಹೊಟ್ಟೆ ಉಬ್ಬರ ಬಂದ್ರೆ?”

ಹಸಿ ದ್ವಿದಳವನ್ನೇ ಹೊಟ್ಟೆತುಂಬ ಹಾಕಿದರೆ ಬರುವ ಭಯ ಉಂಟು. ಅದಕ್ಕೇ ಎರಡು ಪಾಲು ಹುಲ್ಲು, ಒಂದು ಪಾಲು ದ್ವಿದಳ ಕತ್ತರಿಸಿ ಬೆರೆಸಿ. ಹೊಸ ಮೇವನ್ನು ಮೊದಲು ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಸಿ.

ಸಂಘದಲ್ಲಿ ಕೇಳೋಣ

ಹಾಲು ಉತ್ಪಾದಕರ ಸಹಕಾರ ಸಂಘಗಳು ಮುಸುಕಿನ ಜೋಳದ ಬೀಜ ತರಿಸುವಾಗ ಅಲಸಂದೆ ಬೀಜವನ್ನೂ ತರಿಸಲಿ. ಮುಂದಿನ ಸಭೆಯಲ್ಲಿ ಎದ್ದು ನಿಂತು ಕೇಳಿ, ನಡಾವಳಿಯಲ್ಲಿ ಬರೆಸಿ. ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ನಿಮ್ಮ ಮಣ್ಣಿಗೆ ಯಾವ ತಳಿ ಎಂದು ಅಲ್ಲಿ ವಿಚಾರಿಸಬಹುದು.

ಈ ಮುಂಗಾರಿಗೆ ಇಡೀ ತಾಕು ಬದಲಿಸುವುದು ಬೇಡ. ನಾಲ್ಕನೇ ಸಾಲೊಂದನ್ನು ಬದಲಿಸಿ!