ತರಂಗಾಂತರದ ಬಳಕೆಗೆ ತಾಲ್ಲೂಕುವಾರು ಲೆಕ್ಕ ಕೋರಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕುಗಳ ಮನವಿ ಪತ್ರ

ಗೆ,
ಮಾನ್ಯ ಅಧ್ಯಕ್ಷರು,
ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್), ನವದೆಹಲಿ.

ಮೂಲಕ: ಮಾನ್ಯ ಜಿಲ್ಲಾಧಿಕಾರಿಗಳು, ಹಾವೇರಿ ಜಿಲ್ಲೆ, ಹಾವೇರಿ.

ವಿಷಯ: ಮೊಬೈಲ್ ಸೇವಾ ಕಂಪನಿಗಳು ಪಡೆದಿರುವ ತರಂಗಾಂತರ ಗ್ರಾಮೀಣ ಭಾಗದಲ್ಲಿ ಬಳಕೆಯಾಗುವಂತೆ ಹರಾಜಿನ ಷರತ್ತು ಹಾಗೂ ಸೇವಾ ಗುಣಮಟ್ಟದ ನಿಯಮಗಳನ್ನು ತಿದ್ದುವ ಕುರಿತು.

ಮಾನ್ಯರೇ,

ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ತಾಲ್ಲೂಕುಗಳ ರೈತರು, ಕೂಲಿಕಾರರು, ಸಣ್ಣ ವ್ಯಾಪಾರಸ್ಥರು ಮತ್ತು ವಿದ್ಯಾರ್ಥಿಗಳು, ಅಂದರೆ ಈ ಪತ್ರದ ಮನವಿದಾರರು, ಪ್ರಾಧಿಕಾರದ ಗಮನಕ್ಕೆ ತರಬಯಸುವ ಸಂಗತಿ ಮುಖ್ಯವಾಗಿ ಒಂದೇ: ಇಡೀ ಕರ್ನಾಟಕಕ್ಕೆಂದು ಹಂಚಿಕೆಯಾದ ತರಂಗಾಂತರದಲ್ಲಿ ಎಷ್ಟು ಪಾಲು ಈ ತಾಲ್ಲೂಕುಗಳ ಹಳ್ಳಿಗಳಲ್ಲಿ ನಿಜವಾಗಿ ಬಳಕೆಯಾಗುತ್ತಿದೆ ಎಂಬ ಲೆಕ್ಕ ತಾಲ್ಲೂಕುವಾರು ಪ್ರಕಟವಾಗುವುದಿಲ್ಲ, ಮತ್ತು ಆ ಲೆಕ್ಕವಿಲ್ಲದ ಕಾರಣಕ್ಕೇ ಹಳ್ಳಿಯ ಜಾಲ ವಿಸ್ತರಣೆ ಕಂಪನಿಗಳ ಇಷ್ಟಕ್ಕೆ ಬಿಟ್ಟ ವಿಷಯವಾಗಿ ಉಳಿದಿದೆ. ಊರಿಗೊಂದು ಟವರ್ ಬೇಕೆಂಬ ಮಾತು ಗ್ರಾಮಸಭೆಗಳಲ್ಲಿ ಕೇಳುತ್ತಲೇ ಬಂದಿದೆ. ಈ ಮನವಿಯಾದರೋ ಟವರ್ ಎಲ್ಲಿ ನಿಲ್ಲಬೇಕು, ನಿಂತ ಟವರ್ ಯಾವ ಅಲೆಯನ್ನು ಹೊರಡಿಸಬೇಕು ಎಂಬುದನ್ನು ಮೊದಲೇ ನಿರ್ಧರಿಸಿಬಿಡುವ ಹರಾಜಿನ ಷರತ್ತುಗಳನ್ನು ಕುರಿತದ್ದು.

ತರಂಗಾಂತರ, ಅಂದರೆ ಸ್ಪೆಕ್ಟ್ರಂ, ಮೊಬೈಲ್ ಮತ್ತು ಟವರ್ ನಡುವೆ ಮಾತನ್ನೂ ದತ್ತಾಂಶವನ್ನೂ ಹೊತ್ತೊಯ್ಯುವ ರೇಡಿಯೊ ಅಲೆಗಳ ಆವರ್ತನ ಶ್ರೇಣಿ. ಅದನ್ನು ಮೆಗಾಹರ್ಟ್ಸ್ ಲೆಕ್ಕದಲ್ಲಿ ಅಳೆದು, ಬ್ಯಾಂಡ್‌ಗಳಾಗಿ ವಿಂಗಡಿಸಿ ಹರಾಜಿಗಿಡಲಾಗುತ್ತದೆ. 700, 800, 900 ಮೆಗಾಹರ್ಟ್ಸ್‌ನಂಥ ಕೆಳಬ್ಯಾಂಡಿನ ಅಲೆಗಳು ಹೆಚ್ಚು ದೂರ ಸಾಗಿ, ಮರಗಿಡಗಳನ್ನೂ ಗೋಡೆಗಳನ್ನೂ ದಾಟಿ ಒಳಬರುತ್ತವೆ. 5ಜಿ ಸೇವೆಯ ಬೆನ್ನೆಲುಬಾಗಿರುವ 3300 ಮೆಗಾಹರ್ಟ್ಸ್‌ನ ಮಧ್ಯಮ ಬ್ಯಾಂಡ್ ಹೆಚ್ಚು ದತ್ತಾಂಶ ಹೊರಬಲ್ಲದಾದರೂ ಬೇಗ ಸೊರಗುತ್ತದೆ. ಆವರ್ತನ ಐದು ಪಟ್ಟಾದರೆ, ಉಳಿದೆಲ್ಲವೂ ಸಮವಾಗಿದ್ದಾಗ, ಅಷ್ಟೇ ದೂರದಲ್ಲಿರುವ ಸಾಧಾರಣ ಆಂಟೆನಾಕ್ಕೆ ಸಿಗುವ ಶಕ್ತಿ ಇಪ್ಪತ್ತೈದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಟವರ್ ಹೆಚ್ಚು ಆಂಟೆನಾಗಳನ್ನು ಜೋಡಿಸಿಕೊಂಡು ಈ ಕೊರತೆಯನ್ನು ಒಂದಿಷ್ಟು ತುಂಬಿಕೊಳ್ಳಬಹುದು, ಆದರೆ ಕೈಯಲ್ಲಿರುವ 4ಜಿ ಮೊಬೈಲ್ ಸಾಮಾನ್ಯವಾಗಿ 0.2 ವ್ಯಾಟ್‌ಗಿಂತ ಹೆಚ್ಚಿನ ಶಕ್ತಿಯಲ್ಲಿ ಉತ್ತರಿಸಲಾರದು. ಪರದೆಯ ಮೇಲೆ ಸಿಗ್ನಲ್ ಕಾಣಿಸುತ್ತಿದ್ದರೂ ಹೊಲದಿಂದ ಹಚ್ಚಿದ ಫೋನು ಹೋಗದೆ ಕಡಿದುಬೀಳುವುದಕ್ಕೆ ಬಹುಪಾಲು ಇದೇ ಕಾರಣ, ಮತ್ತು ಮನೆಗಳು ಒಂದೆಡೆ, ಹೊಲಗಳು ಮೂರು ನಾಲ್ಕು ಕಿಲೋಮೀಟರ್ ದೂರದಲ್ಲಿ ಹರಡಿರುವ ಈ ಬಯಲುಸೀಮೆಗೆ ಕೆಳಬ್ಯಾಂಡ್ ಅನಿವಾರ್ಯವಾಗುವುದೂ ಇದರಿಂದಲೇ.

ಹಳ್ಳಿಗೆ ಹೇಳಿಮಾಡಿಸಿದಂತಿರುವ 700 ಮೆಗಾಹರ್ಟ್ಸ್ ಬ್ಯಾಂಡ್ ಈ ದೇಶದಲ್ಲಿ ವರ್ಷಗಟ್ಟಲೆ ಬಿಕರಿಯಾಗದೆ ಉಳಿಯಿತು. 2016ರ ಹರಾಜಿನಲ್ಲಿ ಅದರ ಮೀಸಲು ಬೆಲೆ, ಅಂದರೆ ಸವಾಲು ಆರಂಭವಾಗುವ ಕನಿಷ್ಠ ದರ, ದೇಶಾದ್ಯಂತದ ಹಕ್ಕಿಗೆ ಪ್ರತಿ ಮೆಗಾಹರ್ಟ್ಸ್‌ಗೆ ₹11,485 ಕೋಟಿ ಇತ್ತು. ಒಂದು ಕಂಪನಿಯೂ ಮುಂದೆ ಬರಲಿಲ್ಲ. 2021ರಲ್ಲಿ ₹6,568 ಕೋಟಿಗೆ ಇಳಿಸಿದರೂ ಕೊಳ್ಳುವವರಿರಲಿಲ್ಲ. 2022ರಲ್ಲಿ ದರ ₹3,927 ಕೋಟಿಗೆ ಬಂದ ಮೇಲೆ ರಿಲಯನ್ಸ್ ಜಿಯೊ ಎಲ್ಲ 22 ಸೇವಾ ವಲಯಗಳಲ್ಲಿ ತಲಾ 10 ಮೆಗಾಹರ್ಟ್ಸ್ ಪಡೆಯಿತು. ಏರ್‌ಟೆಲ್ ಈ ಬ್ಯಾಂಡನ್ನು ಬಿಟ್ಟು, ಈಗಾಗಲೇ ಇರುವ 4ಜಿ ಜಾಲದ ಆಸರೆಯ ಮೇಲೆ 5ಜಿ ಕಟ್ಟುವ ದಾರಿ ಹಿಡಿಯಿತು. ವೊಡಾಫೋನ್ ಐಡಿಯಾ ತಾನು ಆದ್ಯತೆಯೆಂದು ಗುರುತಿಸಿಕೊಂಡ 17 ವಲಯಗಳಿಗಷ್ಟೇ 3300 ಮೆಗಾಹರ್ಟ್ಸ್ ಕೊಂಡಿತು. ಬಿಎಸ್‌ಎನ್‌ಎಲ್‌ಗೆ 2023ರ ಜೂನ್‌ನಲ್ಲಿ ಒಪ್ಪಿಗೆ ದೊರೆತ ₹89,047 ಕೋಟಿಯ ಪುನಶ್ಚೇತನ ಯೋಜನೆಯ ಮೂಲಕ 700 ಮೆಗಾಹರ್ಟ್ಸ್ ಸೇರಿದಂತೆ 4ಜಿ ಮತ್ತು 5ಜಿ ತರಂಗಾಂತರ ಹರಾಜಿಲ್ಲದೆ ಬಂದಿತು. 2022ರ ಆ ಒಂದೇ ಹರಾಜಿನಿಂದ ಸರ್ಕಾರಕ್ಕೆ ಸಲ್ಲಬೇಕಾದ ಮೊತ್ತ ₹1,50,173 ಕೋಟಿ. ಬೊಕ್ಕಸದ ಆದಾಯವನ್ನು ಮನವಿದಾರರು ಹಗುರಾಗಿ ಕಾಣುವುದಿಲ್ಲ. ಆದರೂ ಆರು ವರ್ಷ ಗಾಳಿಯಲ್ಲಿ ವ್ಯರ್ಥವಾದ ಕೆಳಬ್ಯಾಂಡಿನಿಂದ ಹಳ್ಳಿಗಳಿಗಾದ ನಷ್ಟ ಯಾವ ಲೆಕ್ಕಪತ್ರದಲ್ಲೂ ದಾಖಲಾಗಿಲ್ಲ ಎಂಬುದನ್ನು ಹೇಳದಿರಲಾಗದು. ರೇಡಿಯೊ ಅಲೆಗಳು ಸಾರ್ವಜನಿಕ ಸ್ವತ್ತೆಂದು ಸುಪ್ರೀಂ ಕೋರ್ಟ್ 1995ರಲ್ಲೇ ತೀರ್ಪಿತ್ತಿದೆ. ಸ್ವತ್ತಿನ ಒಡೆಯರಲ್ಲಿ ಈ ತಾಲ್ಲೂಕುಗಳ ಗಳಗನಾಥದವರೂ ಕಾಗಿನೆಲೆಯವರೂ ಸೇರಿದ್ದಾರೆ.

ತೊಡಕಿನ ಮೂಲ ಹಕ್ಕಿನ ಅಳತೆಗೋಲಿನಲ್ಲಿದೆ. ತರಂಗಾಂತರ ಮಾರಾಟವಾಗುವುದು ಸರ್ಕಲ್ ಎಂದು ಬಳಕೆಯಲ್ಲಿರುವ ಸೇವಾ ವಲಯದ ಲೆಕ್ಕದಲ್ಲಿ, ಮತ್ತು ಕರ್ನಾಟಕವಿಡೀ ಒಂದೇ ವಲಯ. ಬೆಲೆ ಕಟ್ಟುವಾಗ ಕಂಪನಿಗಳ ಕಣ್ಣು ಬೆಂಗಳೂರಿನ ಗಳಿಕೆಯ ಮೇಲಿರುತ್ತದೆ. ಕೊಂಡ ಮೇಲೆ ಹಕ್ಕು ಇಪ್ಪತ್ತು ವರ್ಷ ಇಡೀ ರಾಜ್ಯದ ಮೇಲೆ ಸಲ್ಲುತ್ತದೆ. ಇದರ ಜೊತೆಗೆ ಬರುವ ಕನಿಷ್ಠ ವಿಸ್ತರಣಾ ಕಟ್ಟುಪಾಡು, ಅಂದರೆ ಗೊತ್ತುಪಡಿಸಿದ ಅವಧಿಯಲ್ಲಿ ಇಷ್ಟು ಪ್ರದೇಶಕ್ಕೆ ಸೇವೆ ಮುಟ್ಟಿಸಲೇಬೇಕೆಂಬ ಷರತ್ತು, ನಗರಗಳ ಇಲ್ಲವೇ ಬ್ಲಾಕ್ ಕೇಂದ್ರಗಳ ಎಣಿಕೆಯಲ್ಲಿ ಮುಗಿದುಹೋಗುತ್ತದೆ. ರಾಣೆಬೆನ್ನೂರು ಪೇಟೆಯಲ್ಲಿ ಸಿಗ್ನಲ್ ಅಳೆದು ಷರತ್ತು ಪೂರೈಸಿತೆಂದು ಬರೆದುಕೊಳ್ಳಬಹುದಾದಲ್ಲಿ ತುಂಗಭದ್ರೆಯ ದಂಡೆಯ ಐರಣಿ, ಮೇಡ್ಲೇರಿಗಳ ಸುತ್ತಣ ಹೊಲಗಳನ್ನು ಅಳೆಯುವ ಪ್ರಶ್ನೆಯೇ ಏಳುವುದಿಲ್ಲ. ಮೇಲ್ದಂಡೆ ಕಾಲುವೆಗೆ ನೀರು ಬಿಟ್ಟ ದಾಖಲೆ ಕಚೇರಿಯಲ್ಲಿದ್ದು, ಕೊನೆಯಂಚಿನ ಹೊಲ ಮಾತ್ರ ಒಣಗಿಯೇ ಇರುವ ಸ್ಥಿತಿಯನ್ನು ಈ ಭಾಗದ ರೈತರು ಬಲ್ಲರು. ಜಾಲದ ವಿಷಯದಲ್ಲೂ ನಡೆದಿರುವುದು ಅದೇ. ಟ್ರಾಯ್ ಪ್ರಕಟಿಸಿದ ಅಂಕಿಗಳಂತೆ 2024ರ ಮಾರ್ಚ್ ಹೊತ್ತಿಗೆ ದೇಶದ ನಗರಗಳಲ್ಲಿ ನೂರು ಜನರಿಗೆ ಸುಮಾರು 133 ಸಂಪರ್ಕಗಳಿದ್ದರೆ ಗ್ರಾಮೀಣ ಭಾಗದಲ್ಲಿ 59ರಷ್ಟು ಮಾತ್ರ ಇದ್ದವು, ಮತ್ತು 2011ರ ಜನಗಣತಿಯ ಪ್ರಕಾರ ಹಾವೇರಿ ಜಿಲ್ಲೆಯ ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚು ಜನ ಹಳ್ಳಿಗಳಲ್ಲೇ ಇದ್ದರು.

ಜಾಲದ ಕೊರತೆ ಇಲ್ಲಿ ಮನರಂಜನೆಯ ಕೊರತೆಯಲ್ಲ. ಬ್ಯಾಡಗಿಯ ಕೃಷಿ ಉತ್ಪನ್ನ ಮಾರುಕಟ್ಟೆಗೆ ಹಂಗಾಮಿನ ಸೋಮವಾರ ಮತ್ತು ಗುರುವಾರಗಳಂದು ಲಕ್ಷಕ್ಕೂ ಮೀರಿ ಮೆಣಸಿನಕಾಯಿ ಚೀಲಗಳು ಬರುತ್ತವೆ. ದಲಾಲರ ಅಂಗಡಿಯ ಮುಂದೆ ಇಳಿಸಿದ ಪ್ರತಿ ಲಾಟಿಗೂ ಒಂದು ಸಂಖ್ಯೆ, ಆ ಸಂಖ್ಯೆಯ ಮೇಲೆ ಖರೀದಿದಾರರು ಆನ್‌ಲೈನ್‌ನಲ್ಲಿ ನಮೂದಿಸುವ ದರ, ಮಧ್ಯಾಹ್ನದ ಹೊತ್ತಿಗೆ ಟೆಂಡರ್ ಘೋಷಣೆ: ಹೀಗೆ ಇ–ಟೆಂಡರ್ ನಡೆಯುತ್ತದೆ. ಡಬ್ಬಿ ಮತ್ತು ಕಡ್ಡಿ ತಳಿಗಳ ದರ ಒಂದು ಪೇಟೆ ದಿನದಿಂದ ಇನ್ನೊಂದಕ್ಕೆ ಸಾವಿರಗಳ ಲೆಕ್ಕದಲ್ಲಿ ಏರಿಳಿಯುವಾಗ, ಕಣದಲ್ಲಿ ಒಣಗಿಸಿದ ಕಾಯಿಯನ್ನು ಗಾಡಿಗೆ ಹೇರುವುದೋ ಶೈತ್ಯಾಗಾರಕ್ಕೆ ಒಯ್ಯುವುದೋ ಎಂಬ ತೀರ್ಮಾನ ಹಿಂದಿನ ದಿನದ ದರ ಊರಲ್ಲೇ ತಿಳಿಯುವುದನ್ನು ಅವಲಂಬಿಸಿದೆ. 2024ರ ಮಾರ್ಚ್ 11ರಂದು ದರ ಕುಸಿತದಿಂದ ಕೆರಳಿದ ರೈತರ ಆಕ್ರೋಶಕ್ಕೆ ಅದೇ ಮಾರುಕಟ್ಟೆಯ ಆವರಣದಲ್ಲಿ ವಾಹನಗಳು ಸುಟ್ಟುಹೋದವು. ಸರಿಯಾದ ಜಾಲವಿದ್ದಿದ್ದರೆ ಆ ದಿನ ಬಾರದಿರುತ್ತಿತ್ತೆಂದು ಮನವಿದಾರರು ಹೇಳುವುದಿಲ್ಲ, ಅಂದಿನ ಸಂಕಟ ಬೆಲೆಯದು. ಬಾಡಿಗೆ ಗಾಡಿಯಲ್ಲಿ ಮಾಲು ತಂದು ಇಳಿಸಿದ ಮೇಲಷ್ಟೇ ದರ ತಿಳಿಯುವ ರೈತನಿಗೆ ವಾಪಸು ಒಯ್ಯುವ ಶಕ್ತಿಯಿರುವುದಿಲ್ಲ ಎಂಬುದಂತೂ ಸತ್ಯ.

ನ್ಯಾಯಬೆಲೆ ಅಂಗಡಿಯಲ್ಲಿ ಪಡಿತರಕ್ಕೆ ಹೆಬ್ಬೆಟ್ಟು ಒತ್ತಿದಾಗ ಯಂತ್ರ ಸುಮ್ಮನೆ ಸುತ್ತುತ್ತ ನಿಂತರೆ ಅದನ್ನು ಎತ್ತಿಕೊಂಡು ಸಿಗ್ನಲ್ ಸಿಗುವ ಕಟ್ಟೆಯವರೆಗೆ ಹೋಗಬೇಕಾಗುತ್ತದೆ, ಸಾಲಿನಲ್ಲಿ ನಿಂತ ಮುದುಕಿಯರೂ ಹಿಂದೆಯೇ ನಡೆಯಬೇಕಾಗುತ್ತದೆ. ಒಂದು ದಿನದ ಕೂಲಿ ಅಲ್ಲಿಗೆ ಹೋಯಿತು. ನರೇಗಾ ಕಾಮಗಾರಿಗಳಲ್ಲಿ ದಿನಕ್ಕೆ ಎರಡು ಬಾರಿ ಫೋಟೊ ಸಹಿತ ಹಾಜರಾತಿಯನ್ನು ಮೊಬೈಲ್ ಆ್ಯಪ್‌ನಲ್ಲೇ ದಾಖಲಿಸಬೇಕೆಂಬ ನಿಯಮ 2023ರ ಜನವರಿ 1ರಿಂದ ಕಡ್ಡಾಯವಾದಾಗ ಸಿಗ್ನಲ್ ಇಲ್ಲದ ಕೆರೆಯಂಗಳದ ಕೆಲಸಗಾರರಿಗೆ ಆದದ್ದೂ ಇಂಥದೇ. ಇನ್ನು ಕೊಳವೆಬಾವಿಯ ಪೆಟ್ಟಿಗೆಯೊಳಗೆ ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್ ಇದೆ: ರಾತ್ರಿ ತ್ರೀ ಫೇಸ್ ಕರೆಂಟು ಬಂದೊಡನೆ ರೈತ ಮನೆಯಿಂದಲೇ ಫೋನು ಹಚ್ಚಿ ಮೋಟಾರು ಆನ್ ಮಾಡುತ್ತಾನೆ. ಇಂಥ ಪೆಟ್ಟಿಗೆಗಳಲ್ಲಿ ಹೆಚ್ಚಿನವು 2ಜಿ ಜಾಲವನ್ನೇ ನೆಚ್ಚಿಕೊಂಡಿವೆ. ರಾಣೆಬೆನ್ನೂರಿನ ಬೀಜೋತ್ಪಾದನೆಯ ತಾಕುಗಳಲ್ಲಿ ಕ್ರಾಸಿಂಗ್, ಅಂದರೆ ಕೈಯಿಂದ ಪರಾಗಸ್ಪರ್ಶ ಮಾಡುವ ಕೆಲಸದ ದಿನಗಳಂದು ನೀರು ತಪ್ಪಿದರೆ ಹಂಗಾಮೇ ತಪ್ಪಿದಂತೆ. ಹಾವು, ಕತ್ತಲೆಗಳ ನಡುವೆ ನಡುರಾತ್ರಿ ಹೊಲಕ್ಕೆ ಹೋಗುವುದನ್ನು ತಪ್ಪಿಸಿದ ಈ ಸಾಧನ ಜಾಲ ಹೋದ ರಾತ್ರಿ ಕಬ್ಬಿಣದ ಡಬ್ಬಿಯಷ್ಟೇ.

ಈ ಹಿನ್ನೆಲೆಯಲ್ಲಿ ಮನವಿದಾರರ ಮೊದಲ ಮತ್ತು ಮುಖ್ಯ ಬೇಡಿಕೆ ತಾಲ್ಲೂಕುವಾರು ತರಂಗಾಂತರ ಬಳಕೆಯ ಪಟ್ಟಿ. ಯಾವ ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿ ಯಾವ ಕಂಪನಿಯ ಯಾವ ಬ್ಯಾಂಡ್ ಎಷ್ಟು ಮೆಗಾಹರ್ಟ್ಸ್ ಪ್ರಸಾರದಲ್ಲಿದೆ ಎಂಬುದು ವರ್ಷಕ್ಕೆ ಎರಡು ಬಾರಿ ಕನ್ನಡದಲ್ಲಿ ಪ್ರಕಟವಾಗಬೇಕು. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಸೇವಾ ಗುಣಮಟ್ಟದ ನಿಯಮಗಳು ವ್ಯಾಪ್ತಿ ನಕ್ಷೆಗಳನ್ನು ಜಾಲತಾಣದಲ್ಲಿ ಹಾಕುವಂತೆ ಕಂಪನಿಗಳಿಗೆ ವಿಧಿಸಿರುವುದು ಸ್ವಾಗತಾರ್ಹ. ಆದರೆ ನಕ್ಷೆಗೆ ಬಣ್ಣ ತುಂಬುವವರು ಕಂಪನಿಗಳೇ ಆಗಿರುವುದರಿಂದ ಅದನ್ನು ನೆಲದ ಮೇಲೆ ಪರೀಕ್ಷಿಸುವ ಕೆಲಸ ಪ್ರಾಧಿಕಾರದ್ದಾಗಬೇಕು. ವಾಹನದಲ್ಲಿ ಸಾಗುತ್ತ ಸಿಗ್ನಲ್ ಅಳೆಯುವ ಡ್ರೈವ್ ಟೆಸ್ಟ್‌ಗಳು ಹೆದ್ದಾರಿ 48ರ ಉದ್ದಕ್ಕೆ ನಡೆದರೆ ಸಾಲದು. ಗುತ್ತಲದಿಂದ ಹೊಸರಿತ್ತಿ, ಗಳಗನಾಥದ ಕಡೆಗೆ, ಮೇಡ್ಲೇರಿಯಿಂದ ಐರಣಿಗೆ, ಮೋಟೆಬೆನ್ನೂರಿನಿಂದ ಒಳಗೆ ಕಾಗಿನೆಲೆ ಮತ್ತು ಚಿಕ್ಕಬಾಸೂರಿನವರೆಗೆ, ಊರೊಳಗಷ್ಟೇ ಅಲ್ಲದೆ ಹೊಲದ ದಾರಿಗಳಲ್ಲೂ, ಪಂಚಾಯಿತಿ ಪ್ರತಿನಿಧಿಗಳ ಸಮ್ಮುಖದಲ್ಲಿ ಅವು ನಡೆಯಬೇಕು.

ಮುಂದಿನ ಹರಾಜುಗಳಿಗೆ ಶಿಫಾರಸು ಮಾಡುವಾಗ 1 ಗಿಗಾಹರ್ಟ್ಸ್‌ಗಿಂತ ಕೆಳಗಿನ ಬ್ಯಾಂಡ್‌ಗಳ ವಿಸ್ತರಣಾ ಷರತ್ತನ್ನು ಬ್ಲಾಕ್ ಕೇಂದ್ರದಿಂದ ಕಂದಾಯ ಗ್ರಾಮಕ್ಕೆ ಇಳಿಸಬೇಕು, ಮತ್ತು ಆರಂಭ ಹಳ್ಳಿಯಿಂದಾಗಬೇಕು. ಇದಕ್ಕೆ ಪೂರ್ವನಿದರ್ಶನವಿದೆ. ಜರ್ಮನಿ 2010ರಲ್ಲಿ 800 ಮೆಗಾಹರ್ಟ್ಸ್ ಹರಾಜು ಹಾಕಿದಾಗ ಪ್ರದೇಶಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿ, ಐದು ಸಾವಿರಕ್ಕಿಂತ ಕಡಿಮೆ ಜನರಿರುವ ಸಂಪರ್ಕವಿಲ್ಲದ ಊರುಗಳಿಗೆ ಮೊದಲು ಸೇವೆ ತಲುಪಿಸಿದ ಮೇಲೆಯೇ ದೊಡ್ಡ ನಗರಗಳಿಗೆ ಆ ಬ್ಯಾಂಡ್ ಒಯ್ಯಬೇಕೆಂದು ಕಟ್ಟುಪಾಡು ವಿಧಿಸಿತು. ಕಂಪನಿಗಳು ಹರಾಜಿನಿಂದ ಹಿಂದೆ ಸರಿಯಲೂ ಇಲ್ಲ. ಷರತ್ತು ಬಿಗಿಯಾದಷ್ಟು ಮೀಸಲು ಬೆಲೆಯನ್ನು ತಗ್ಗಿಸುವುದು ನ್ಯಾಯವೆಂದು ಮನವಿದಾರರು ಒಪ್ಪುತ್ತಾರೆ. 700 ಮೆಗಾಹರ್ಟ್ಸ್‌ನ ಅನುಭವ ಕಲಿಸಿದ್ದೂ ಅದನ್ನೇ.

ಈಗಾಗಲೇ ಮಾರಾಟವಾಗಿ ಬಳಕೆಗೆ ಬಾರದಿರುವ ತರಂಗಾಂತರಕ್ಕೆ ಕಾನೂನಿನಲ್ಲೇ ದಾರಿಯಿದೆ. 2023ರ ದೂರಸಂಪರ್ಕ ಕಾಯ್ದೆಯು ತರಂಗಾಂತರವನ್ನು ಹಂಚಿಕೊಳ್ಳಲು, ಗುತ್ತಿಗೆ ಕೊಡಲು ಅವಕಾಶವೀಯುವುದರ ಜೊತೆಗೆ, ತನ್ನ 7ನೇ ಕಲಮಿನಲ್ಲಿ ಸಕಾರಣವಿಲ್ಲದೆ ಬಳಸದೆ ಬಿಟ್ಟ ಹಂಚಿಕೆಯನ್ನು ಪೂರ್ಣವಾಗಿ ಇಲ್ಲವೇ ಭಾಗಶಃ ಕೊನೆಗೊಳಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಬಳಸು, ಇಲ್ಲವೇ ಬಳಸುವವರಿಗೆ ಕೊಡು ಎಂಬ ಈ ತತ್ವವನ್ನು ತಾಲ್ಲೂಕು ಮಟ್ಟಕ್ಕೆ ಅನ್ವಯಿಸುವಂತೆ ಪ್ರಾಧಿಕಾರ ಶಿಫಾರಸು ಮಾಡಬೇಕು. ಅಲ್ಲಿಯವರೆಗೆ, ಒಂದು ಕಂಪನಿಯ ಗ್ರಾಹಕರಿಗೆ ಇನ್ನೊಂದರ ಟವರ್ ಸೇವೆ ಕೊಡುವ ವಲಯದೊಳಗಿನ ರೋಮಿಂಗ್ ಅನ್ನು, 2025ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಡಿಜಿಟಲ್ ಭಾರತ್ ನಿಧಿಯ ನೆರವಿನ ಟವರ್‌ಗಳಲ್ಲಿ ಆರಂಭಿಸಿದಂತೆ, ಒಂದೇ ಕಂಪನಿಯ ಟವರ್ ಇರುವ ಎಲ್ಲ ಊರುಗಳಿಗೆ ವಿಸ್ತರಿಸುವುದು ಅಗತ್ಯ. ವರದೆ, ತುಂಗಭದ್ರೆಗಳು ಉಕ್ಕಿದ ದಿನಗಳಲ್ಲಂತೂ ಇದು ಆಜ್ಞೆಗೆ ಕಾಯದೆ ತಾನಾಗಿಯೇ ಜಾರಿಗೆ ಬರಬೇಕು.

ಸೇವೆ ಸ್ಥಗಿತದ ನಿಯಮದಲ್ಲಿರುವ ಒಂದು ಬಿರುಕನ್ನು ಮನವಿದಾರರು ವಿಶೇಷವಾಗಿ ತೋರಿಸಬಯಸುತ್ತಾರೆ. ಜಾಲ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ನಿಂತರೆ ಪ್ರಾಧಿಕಾರಕ್ಕೆ ವರದಿ ಮಾಡುವುದು, ಇಪ್ಪತ್ತನಾಲ್ಕು ಗಂಟೆ ಮೀರಿದರೆ ಗ್ರಾಹಕರಿಗೆ ಪರಿಹಾರ ಕೊಡುವುದು ಜಿಲ್ಲೆಯನ್ನು ಘಟಕವಾಗಿಟ್ಟುಕೊಂಡ ವ್ಯವಸ್ಥೆ. ಹತ್ತು ಹಳ್ಳಿಗಳಿಗೆ ಆಸರೆಯಾದ ಒಂದು ಟವರ್ ಬ್ಯಾಟರಿ ಮುಗಿದು ಎರಡು ದಿನ ಸತ್ತು ಬಿದ್ದರೂ ಜಿಲ್ಲೆಯ ಲೆಕ್ಕದಲ್ಲಿ ಏನೂ ಆಗಿರುವುದಿಲ್ಲ. ಗುಣಮಟ್ಟದ ವಿಷಯದಲ್ಲಿ ಪ್ರಾಧಿಕಾರಕ್ಕೆ 1997ರ ಟ್ರಾಯ್ ಕಾಯ್ದೆಯಡಿ ನೇರ ಅಧಿಕಾರವಿರುವುದರಿಂದ ಇಲ್ಲಿ ಯಾರ ಒಪ್ಪಿಗೆಗೂ ಕಾಯಬೇಕಿಲ್ಲ: ಘಟಕವನ್ನು ಹೋಬಳಿಗೆ ಇಳಿಸಬೇಕು, ಪರಿಹಾರ ಪ್ರೀಪೇಯ್ಡ್ ಗ್ರಾಹಕರ ಅವಧಿಗೆ ತಾನಾಗಿ ಸೇರಬೇಕು. ಗ್ರಾಮೀಣ ಟವರ್‌ಗಳಿಗೆ ಕನಿಷ್ಠ ಎಂಟು ಗಂಟೆಯ ಬ್ಯಾಟರಿ, ಸಾಧ್ಯವಾದಲ್ಲಿ ಸೌರಫಲಕ, ಪಂಚಾಯಿತಿಯವರೆಗೆ ಬಂದಿರುವ ಭಾರತ್‌ನೆಟ್ ಫೈಬರ್‌ನಿಂದ ಟವರ್‌ಗೆ ಸಂಪರ್ಕ, ಇವುಗಳ ವೆಚ್ಚವನ್ನು ಕಂಪನಿಗಳ ಆದಾಯದ ಶೇ 5ರಷ್ಟು ಪಾಲಿನಿಂದ ತುಂಬುವ ಡಿಜಿಟಲ್ ಭಾರತ್ ನಿಧಿ ಭರಿಸಬಹುದು. ಆ ಪಾಲಿನಲ್ಲಿ ಈ ತಾಲ್ಲೂಕುಗಳ ರೀಚಾರ್ಜ್ ಹಣವೂ ಇದೆ, 2024ರ ಜುಲೈನಲ್ಲಿ ದರ ಏರಿದ ಮೇಲೆ ಇನ್ನಷ್ಟು.

900 ಮೆಗಾಹರ್ಟ್ಸ್‌ನ 2ಜಿ ಸೇವೆಯನ್ನು ಹೊಸ ತಂತ್ರಜ್ಞಾನಕ್ಕೆ ತಿರುಗಿಸುವ ಮುನ್ನ ಕನಿಷ್ಠ ಎರಡು ವರ್ಷದ ಬಹಿರಂಗ ಸೂಚನೆಯನ್ನು ಕಡ್ಡಾಯಗೊಳಿಸಬೇಕು. ಕೀಪ್ಯಾಡ್ ಫೋನಿನ ವೃದ್ಧರನ್ನೂ ಪಂಪ್‌ಸೆಟ್ಟಿನ ಸ್ಟಾರ್ಟರ್‌ಗಳನ್ನೂ ಒಂದು ಬೆಳಗ್ಗೆ ದಿಢೀರನೆ ಮೂಕವಾಗಿಸಬಾರದು. ಟವರ್ ವಿಕಿರಣದ ಬಗ್ಗೆ ಕೆಲವು ಊರುಗಳಲ್ಲಿ ಭಯವಿರುವುದನ್ನೂ ಮನವಿದಾರರು ಮುಚ್ಚಿಡುವುದಿಲ್ಲ. ಅಳತೆಯ ಫಲಿತಾಂಶವನ್ನು ಪಂಚಾಯಿತಿ ಕಟ್ಟಡದಲ್ಲಿ ತೂಗುಹಾಕಿದರೆ ಚರ್ಚೆ ಸರಿದಾರಿಗೆ ಬರುತ್ತದೆ.

ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಬರುವ ಮೆಣಸಿನಕಾಯಿ ಹಂಗಾಮು ಮುಗಿಯುವುದರೊಳಗೆ, ಪೇಟೆ ದಿನದಂದೇ, ಬ್ಯಾಡಗಿಯಲ್ಲಿ ಕನ್ನಡದಲ್ಲಿ ಸಾರ್ವಜನಿಕ ವಿಚಾರಣೆ ನಡೆಸಿ, ಕಂಪನಿಗಳ ವಲಯ ಮಟ್ಟದ ಜವಾಬ್ದಾರಿಯುತ ಅಧಿಕಾರಿಗಳನ್ನು ಅಲ್ಲಿಗೆ ಕರೆಸಬೇಕೆಂದೂ, ಈ ಮನವಿಗೆ ಅಂಶವಾರು ಲಿಖಿತ ಉತ್ತರವನ್ನು ತೊಂಬತ್ತು ದಿನಗಳೊಳಗೆ ಜಿಲ್ಲಾಧಿಕಾರಿಗಳ ಮೂಲಕ ಕಳುಹಿಸಿಕೊಡಬೇಕೆಂದೂ ಕೋರಲಾಗಿದೆ.

ಗೌರವಪೂರ್ವಕವಾಗಿ,
ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ತಾಲ್ಲೂಕುಗಳ ಮನವಿದಾರರು

ಪ್ರತಿ: ದೂರಸಂಪರ್ಕ ಇಲಾಖೆ, ಕರ್ನಾಟಕ ಸೇವಾ ವಲಯ, ಬೆಂಗಳೂರು.